ಓದುಗನನ್ನು ಹಿಂದಕ್ಕೆ ಕಳಿಸುವ ವಾಕ್ಯಗಳು

ಕೇಳುಗರಿಗೆ ನಮಸ್ಕಾರ.

ಪತ್ರಿಕೆಯೊಂದಕ್ಕೆ ಬರುವ ಲೇಖನಗಳನ್ನು ಓದಿ, ಅವು ಅಚ್ಚಿಗೆ ಯೋಗ್ಯವೇ ಅಲ್ಲವೇ ಎಂದು ಅಭಿಪ್ರಾಯ ಬರೆದುಕೊಡುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಲೇಖನ ಹಿಂದಿರುಗಿದಾಗ ವಿಷಯ ಹಿಡಿಸಲಿಲ್ಲವೆಂದು ಬರೆದವರು ಭಾವಿಸುತ್ತಾರೆ. ಆದರೆ ಎಷ್ಟೋ ಸಲ ಓದುವವನು ಸೋತಿರುವುದು ವಿಷಯಕ್ಕಲ್ಲ, ವಾಕ್ಯಕ್ಕೆ.

ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಕಾಗುಣಿತ. ‘ವಿದ್ಯಾರ್ಥಿ’ ಮತ್ತು ‘ಹಾರ್ದಿಕ’ ಎಂಬಲ್ಲಿ ದಕಾರದ ಹೊಟ್ಟೆಯನ್ನು ವಿನಾಕಾರಣ ಸೀಳುವವರೇ, ಸೀಳಲೇಬೇಕಾದ ‘ಮಧ್ಯ’ ಎಂಬಲ್ಲಿ ಸುಮ್ಮನಿದ್ದುಬಿಡುತ್ತಾರೆ. ಆಗ ಮಧ್ಯ ಕರ್ನಾಟಕದ ಜಿಲ್ಲೆಗಳೆಲ್ಲ ಹೆಂಡದ ಜಿಲ್ಲೆಗಳಾಗಿಬಿಡುತ್ತವೆ. ಹಕಾರವನ್ನು ಉಚ್ಚರಿಸದ ಮಾತಿನ ರೂಢಿ ಬರವಣಿಗೆಗೆ ಇಳಿದಾಗ ಹಕ್ಕಿ ಅಕ್ಕಿಯಾಗುತ್ತದೆ. ಇವು ತಪ್ಪುಗಳೇ, ತಿದ್ದಬೇಕಾದವುಗಳೇ. ಆದರೂ ಓದುಗನು ನಕ್ಕು, ಮನಸ್ಸಿನಲ್ಲೇ ಸರಿಪಡಿಸಿಕೊಂಡು ಮುಂದೆ ಹೋಗುತ್ತಾನೆ. 9ನೆಯ ಶತಮಾನದ ಕವಿರಾಜಮಾರ್ಗದ ಮೊದಲ ಪರಿಚ್ಛೇದ ದೋಷದ ಜೊತೆಗೆ ಅದೋಷವನ್ನೂ ಚರ್ಚಿಸುತ್ತದೆ. ಯಾವುದು ದೋಷ, ಯಾವುದು ಅಷ್ಟೇನೂ ದೋಷವಲ್ಲ ಎಂಬ ಆ ವಿವೇಚನೆ ಲೇಖನ ತಿದ್ದುವವರಿಗೆ ಇಂದಿಗೂ ಬೇಕು; ನನ್ನ ಲೆಕ್ಕದಲ್ಲಿ, ಓದಿದ್ದನ್ನೇ ಮತ್ತೆ ಓದುವಂತೆ ಮಾಡುವುದು ದೊಡ್ಡ ದೋಷ.

ಕಣ್ಣಿಗೆ ಕಾಣದ ಇನ್ನೊಂದು ತಪ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೆರಳಚ್ಚು ಮಾಡುವಾಗ ಅರ್ಕಾವತ್ತು ಸಿಗದವರು ಅದರ ಜಾಗದಲ್ಲಿ ಕನ್ನಡದ ಒಂಬತ್ತು ಎಂಬ ಅಂಕಿಯನ್ನೂ, ಅನುಸ್ವಾರದ ಜಾಗದಲ್ಲಿ ಸೊನ್ನೆಯ ಅಂಕಿಯನ್ನೂ ಒತ್ತುತ್ತಾರೆ. ನೋಡುವುದಕ್ಕೆ ಬೆಂಗಳೂರು ಬೆಂಗಳೂರಿನಂತೆಯೇ ಇರುತ್ತದೆ. ಆದರೆ ಕಂಪ್ಯೂಟರಿಗೆ ಅದು ನಡುವೆ ಅಂಕಿ ಸಿಕ್ಕಿಕೊಂಡ ಬೇರೊಂದು ಪದ: ಹುಡುಕಿದರೆ ಸಿಗುವುದಿಲ್ಲ, ಮತ್ತು ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನೇ ನಂಬಿಕೊಂಡ ದೃಷ್ಟಿಹೀನ ಓದುಗರಿಗೆ ಊರಿನ ಹೆಸರು ಅಲ್ಲಿಯೇ ಒಡೆದುಹೋಗುತ್ತದೆ.

ಇನ್ನು ವಾಕ್ಯಕ್ಕೆ ಬರೋಣ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ, ಓದುಗನು ಕರ್ತೃವನ್ನೂ ಕರ್ಮವನ್ನೂ ನಡುವಿನ ವಿವರಗಳನ್ನೂ ಕೈಯಲ್ಲಿ ಹಿಡಿದುಕೊಂಡೇ ಕೊನೆಯವರೆಗೆ ನಡೆಯಬೇಕು. ಹೊತ್ತದ್ದನ್ನು ಇಳಿಸುವ ಜಾಗದಲ್ಲಿ ಬೇರೆ ಯಾರೋ ನಿಂತಿದ್ದರೆ ಅವನಿಗೆ ಸಿಟ್ಟು ಬರುವುದು ಸಹಜ. ‘ಪೊಲೀಸರು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಚಿಕಿತ್ಸೆ ಫಲಿಸದೆ ಮೃತಪಟ್ಟರು’ ಎಂಬ ಬಗೆಯ ವಾಕ್ಯವನ್ನು ನಾನು ಒಂದಲ್ಲ ಹತ್ತು ಸಲ ತಿದ್ದಿದ್ದೇನೆ. ‘ಸೇರಿಸಿ’ ಎಂಬ ಕೃದಂತಾವ್ಯಯ ತನ್ನ ಕರ್ತೃವನ್ನೇ ಮುಂದಿನ ಕ್ರಿಯಾಪದದ ಬಾಗಿಲಿಗೆ ಕರೆದೊಯ್ಯುತ್ತದೆ. ಆದ್ದರಿಂದ ಇಲ್ಲಿ ಸತ್ತವರು ಪಾಪ ಪೊಲೀಸರು. ‘ಸೇರಿಸಿದರೂ ಆತ ಮೃತಪಟ್ಟ’ ಎಂದರೆ ಸಾಕು, ಎಲ್ಲರೂ ತಂತಮ್ಮ ಜಾಗಕ್ಕೆ ಮರಳುತ್ತಾರೆ. ‘ಮಳೆ ಬಂದು ಬೆಳೆ ಹಾಳಾಯಿತು’ ಎಂಬಲ್ಲಿಯೂ ಕರ್ತೃ ಬದಲಾಗಿದೆಯಲ್ಲ ಎಂದು ನೀವು ಕೇಳಬಹುದು. ಅಲ್ಲಿ ಮೊದಲನೆಯದು ಎರಡನೆಯದಕ್ಕೆ ಕಾರಣ, ಮತ್ತು ಎರಡೂ ಕರ್ತೃಗಳು ಬಾಯಿಬಿಟ್ಟು ಹೇಳಿದ ಹಾಗೆ ವಾಕ್ಯದಲ್ಲಿಯೇ ಇವೆ, ಯಾರಿಗೂ ಗೊಂದಲವಾಗುವುದಿಲ್ಲ.

ನನಗೆ ವೈಯಕ್ತಿಕವಾಗಿ ಹೆಚ್ಚು ಬೇಸರ ತರಿಸುವ ಪದ ‘ಹೊಂದಿದೆ’. ಈ ಮನೆಗೆ ಮೂರು ಕೋಣೆಗಳಿವೆ ಎಂದು ನಮ್ಮ ಚತುರ್ಥಿ ವಿಭಕ್ತಿ ಸಲೀಸಾಗಿ ಹೇಳುತ್ತಿದ್ದುದನ್ನು ಬಿಟ್ಟು, ಮನೆಯು ಮೂರು ಕೋಣೆಗಳನ್ನು ಹೊಂದಿದೆ ಎಂದು ಬರೆಯುವುದು ಈಗ ಗಾಂಭೀರ್ಯದ ಲಕ್ಷಣವಾಗಿದೆ. ರೋಗಿ ಜ್ವರವನ್ನು ಹೊಂದಿದ್ದಾನೆ, ಊರು ಕೆರೆಯನ್ನು ಹೊಂದಿದೆ, ಹಸು ಕರುವನ್ನು ಹೊಂದಿದೆ! ಹಟ್ಟಿಯಲ್ಲಿ ನಿಂತು ಯಾರೂ ಹೀಗೆ ಹೇಳಲಾರರು. ‘ಮಾಡಲ್ಪಟ್ಟಿತು’ ಎಂಬುದೂ ಇದರ ಬಂಧುವೇ. ಅದನ್ನು ಬಳಸಿದ ಕೂಡಲೇ ಮಾಡಿದವರು ಯಾರೆಂಬುದು ಮರೆಯಾಗುವುದರಿಂದ, ಕಚೇರಿಯ ಕಾಗದಗಳಿಗೆ ಅದು ಅಷ್ಟೊಂದು ಪ್ರಿಯವಾಗಿದೆಯೆಂದು ನನ್ನ ಗುಮಾನಿ.

ಕೊನೆಯದಾಗಿ ವಿಶೇಷಣದ ತೊಡಕು. ನಾಮಪದವನ್ನು ಬಣ್ಣಿಸುವುದೆಲ್ಲ ನಮ್ಮಲ್ಲಿ ಅದಕ್ಕಿಂತ ಮೊದಲೇ ನಿಲ್ಲಬೇಕಾದುದರಿಂದ, ಎರಡು ನಾಮಪದಗಳು ಒತ್ತಾಗಿ ಬಂದಾಗ ಬಣ್ಣನೆ ಯಾರದೆಂದು ತಿಳಿಯುವುದಿಲ್ಲ. ‘ನಿನ್ನೆ ಊರಿಗೆ ಬಂದ ಮಂತ್ರಿಯ ಮಗ’ ಎಂದು ಒಬ್ಬರು ಬರೆದಿದ್ದರು. ‘ಮಂತ್ರಿಯ ಮಗ ನಿನ್ನೆ ಊರಿಗೆ ಬಂದಿದ್ದ’ ಎಂದು ಬಿಡಿಸಿ ಬರೆಯಬಹುದಿತ್ತು. ಆದರೆ ಬಂದವನು ಮಗನೇ ಎಂಬುದು ನನಗೆ ಖಚಿತವಿರಲಿಲ್ಲ. ಹಾಗಾಗಿ ಅಂಚಿನಲ್ಲಿ ‘ಬಂದವರು ತಂದೆಯೋ ಮಗನೋ?’ ಎಂದು ಗುರುತು ಮಾಡಿ ಕಳುಹಿಸಿದೆ. ವಾರ ಕಳೆದು ಲೇಖನ ಮರಳಿ ಬಂತು. ವಾಕ್ಯ ಇದ್ದ ಹಾಗೆಯೇ ಇತ್ತು. ನನ್ನ ಪ್ರಶ್ನೆಯ ಕೆಳಗೆ ದುಂಡಗಿನ ಅಕ್ಷರದಲ್ಲಿ ಉತ್ತರವಿತ್ತು: ‘ಇಬ್ಬರೂ ಬಂದಿದ್ದರು.’

ನಮಸ್ಕಾರ.