ಹೊಸ್ತಿಲಲ್ಲಿ ಬಿದ್ದ ಏಟಿಗೆ ಯಾವ ಕಾನೂನು?

ಸ್ನೇಹಿತರೇ,

ಗ್ರಾಹಕರ ಕೈಯಿಂದ ಏಟು ತಿನ್ನುವ ಟ್ಯಾಕ್ಸಿ ಚಾಲಕರಿಗೂ, ಮನೆಬಾಗಿಲಿಗೆ ಪೊಟ್ಟಣ ತರುವ ಡೆಲಿವರಿ ಹುಡುಗರಿಗೂ ಕಾನೂನಿನಲ್ಲಿ ಎಷ್ಟು ರಕ್ಷಣೆ ಇದೆ ಎಂಬುದೇ ಇವತ್ತಿನ ಮಾತು.

ಟ್ಯಾಕ್ಸಿ ಚಾಲಕ ಅಪರಿಚಿತರನ್ನು ಬೆನ್ನ ಹಿಂದೆ ಕೂರಿಸಿಕೊಂಡು ದುಡಿಯುವವನು. ಎರಡೂ ಕೈ ಸ್ಟೀರಿಂಗ್ ಮೇಲೆ, ಕಣ್ಣು ರಸ್ತೆಯ ಮೇಲೆ. ಹಿಂದಿನಿಂದ ಏಟು ಬಿದ್ದರೆ ತಡೆಯಲು ಅವನಿಗೆ ಕೈ ಬಿಡುವಿಲ್ಲ.

ಹೊಡೆಯುವುದು ಹೇಗೂ ಅಪರಾಧ, ಚಾಲಕರಿಗೆಂದೇ ಬೇರೆ ಕಾನೂನು ಯಾಕೆ ಎಂದು ಕೇಳುವವರಿದ್ದಾರೆ. ದಕ್ಷಿಣ ಕೊರಿಯಾದ ಉದಾಹರಣೆ ನೋಡಿ. ಓಡುತ್ತಿರುವ ವಾಹನದ ಚಾಲಕನ ಮೇಲೆ ಕೈ ಮಾಡಿದರೆ ಅಥವಾ ಅವನನ್ನು ಬೆದರಿಸಿದರೆ ಅಲ್ಲಿ 5 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಚಾಲಕನಿಗೆ ಗಾಯವಾದರೆ ಕನಿಷ್ಠ 3 ವರ್ಷ. ಕಾನೂನು ಬಿಗಿಯಾಗಿಯೇ ಇದೆ. ಆದರೆ ‘ಓಡುತ್ತಿರುವ’ ಎಂಬ ಒಂದೇ ಪದದಲ್ಲಿ ಆರೋಪಿಗಳಿಗೆ ತಪ್ಪಿಸಿಕೊಳ್ಳುವ ಕಿಂಡಿ ಸಿಕ್ಕಿತು. ಬಾಡಿಗೆಯ ಜಗಳ ಶುರುವಾಗುವುದೇ ಗಾಡಿ ನಿಂತ ಮೇಲಲ್ಲವೇ? ಕೊನೆಗೆ 2015ರಲ್ಲಿ, ಪ್ರಯಾಣಿಕರು ಹತ್ತಿ ಇಳಿಯಲು ವಾಹನ ತುಸು ನಿಂತಿದ್ದರೂ ಈ ನಿಯಮ ಅನ್ವಯಿಸುತ್ತದೆ ಎಂದು ತಿದ್ದಬೇಕಾಯಿತು.

ಕೆನಡಾ ಅದೇ 2015ರಲ್ಲಿ ದಂಡ ಸಂಹಿತೆಗೆ ಒಂದು ಕಲಮನ್ನು ಸೇರಿಸಿತು. ಅದರಂತೆ, ಹಲ್ಲೆಗೆ ಒಳಗಾದವನು ಕರ್ತವ್ಯದಲ್ಲಿದ್ದ ಸಾರಿಗೆ ಚಾಲಕನಾಗಿದ್ದರೆ, ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರು ಅದನ್ನು ಅಪರಾಧದ ಗಾಂಭೀರ್ಯ ಹೆಚ್ಚಿಸುವ ಸಂಗತಿಯೆಂದು ಪರಿಗಣಿಸಲೇಬೇಕು. ಬಸ್ಸು, ರೈಲು, ಟ್ರಾಮ್, ಪರವಾನಗಿ ಪಡೆದ ಟ್ಯಾಕ್ಸಿ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಮನೆಬಾಗಿಲಿಗೆ ಪೊಟ್ಟಣ ತರುವವನು ಮಾತ್ರ ಇಲ್ಲ, ಏಕೆಂದರೆ ಅವನು ಸಾಗಿಸುವುದು ಜನರನ್ನಲ್ಲ. ನನ್ನನ್ನು ಕಾಡುವುದು ಇದೇ. ಚಾಲಕನಿಗೆ ಏಟು ಬಿದ್ದರೆ ಗಾಡಿಯಲ್ಲಿರುವ ನಮಗೂ ಅಪಾಯ ಎಂಬ ಭಯ ಇಂಥ ಕಾನೂನುಗಳ ಹಿಂದೆ ಸ್ವಲ್ಪವಾದರೂ ಇದೆ. ಡೆಲಿವರಿ ಹುಡುಗ ಹೊಸ್ತಿಲಲ್ಲಿ ಏಟು ತಿಂದರೆ ಬೀಳುವವನು ಅವನೊಬ್ಬನೇ.

ದುಡಿಮೆಯ ಜಾಗದ ಹಿಂಸೆ, ಕಿರುಕುಳಗಳನ್ನು ತಡೆಯಲೆಂದು ಇರುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 190ನೇ ಒಡಂಬಡಿಕೆ ಈ ಭೇದವನ್ನು ಒಪ್ಪುವುದಿಲ್ಲ. 2019ರಲ್ಲಿ ಅಂಗೀಕಾರವಾಗಿ 2021ರ ಜೂನ್‌ನಲ್ಲಿ ಜಾರಿಗೆ ಬಂದ ಅದು, ದುಡಿಯುವವನ ಕರಾರು ಯಾವ ಬಗೆಯದೇ ಆಗಿರಲಿ, ಅವನಿಗೆ ರಕ್ಷಣೆ ಇರಬೇಕು ಎನ್ನುತ್ತದೆ. ಗ್ರಾಹಕರಂಥ ಹೊರಗಿನವರಿಂದ ಆಗುವ ಹಿಂಸೆಯೂ ಅದರ ಲೆಕ್ಕಕ್ಕೆ ಬರುತ್ತದೆ. ‘ನೀನು ನಮ್ಮ ನೌಕರನಲ್ಲ, ಪಾಲುದಾರ’ ಎಂದು ಬೆನ್ನು ತಟ್ಟಿ ಕೈ ತೊಳೆದುಕೊಳ್ಳುವ ಆ್ಯಪ್ ಕಂಪನಿಗಳಿಗೆ ಇದು ಹಿತವಾದ ಮಾತಲ್ಲ. ಆದರೆ ಒಡಂಬಡಿಕೆಯನ್ನು ಸ್ಥಿರೀಕರಿಸಿದ, ಅಂದರೆ ಅಧಿಕೃತವಾಗಿ ಒಪ್ಪಿಕೊಂಡ ದೇಶಗಳನ್ನಷ್ಟೇ ಅದು ಕಟ್ಟಿಹಾಕುತ್ತದೆ.

ಶಿಕ್ಷೆಯ ವರ್ಷಗಳನ್ನು ಏರಿಸುತ್ತ ಹೋಗುವುದರಲ್ಲಿ ನನಗೆ ಅಂಥ ನಂಬಿಕೆಯಿಲ್ಲ. ದೂರು ಕೊಡಲು ಠಾಣೆಯಲ್ಲಿ ಅರ್ಧ ದಿನ ಕೂತರೆ ಅರ್ಧ ದಿನದ ಸಂಪಾದನೆ ಹೋಯಿತು. ಹೊಡೆದವನೇ ಆ್ಯಪ್‌ನಲ್ಲಿ ಸೇವೆ ಕಳಪೆ ಎಂದು ಒಂದೇ ನಕ್ಷತ್ರ ಒತ್ತಿದರೆ ನಾಳೆಯ ಕೆಲಸಕ್ಕೂ ಕುತ್ತು. ವಿಳಾಸ, ಸಮಯ, ಕರೆಯ ದಾಖಲೆ ಎಲ್ಲವೂ ಕಂಪನಿಯ ಬಳಿ ಇರುತ್ತದೆ. ಪೊಲೀಸರು ಕೇಳಿದಾಗ ಅದನ್ನು ತಡಮಾಡದೆ ಕೊಡುವುದು ಕಡ್ಡಾಯವಾಗಬೇಕು. ಅದೇ ಒಡಂಬಡಿಕೆಯ 10ನೇ ವಿಧಿ, ಗಂಭೀರ ಅಪಾಯ ಎದುರಾದಾಗ ಕೆಲಸದ ಜಾಗದಿಂದ ಹೊರಟುಬರುವ ಹಕ್ಕನ್ನು ಕೊಡುತ್ತದೆ, ಹಾಗೆ ಬಂದದ್ದಕ್ಕೆ ಸೇಡು ತೀರಿಸಿಕೊಳ್ಳಬಾರದು ಎನ್ನುತ್ತದೆ. ಅಂದರೆ ಮೆಟ್ಟಿಲ ಮೇಲೆ ಬೆದರಿಕೆ ಕೇಳಿ ಆರ್ಡರ್ ಸಮೇತ ಹಿಂದಿರುಗಿದವನ ಪ್ರೋತ್ಸಾಹಧನ ಆ ದಿನ ಒಂದು ಕಾಸೂ ಕಡಿತವಾಗಬಾರದು.