ನಾಯಕನನ್ನು ಬಿಡದ ನ್ಯಾಶ್‌ವಿಲ್

ಕೇಳುಗರಿಗೆ ನಮಸ್ಕಾರ.

ಹಾಕಿ ಅಂದ ಕೂಡಲೇ ನಮಗೆ ಕೊಡಗಿನ ಮೈದಾನಗಳು ಕಣ್ಣ ಮುಂದೆ ಬರುತ್ತವೆ. ಇವತ್ತು ನಾನು ಹೇಳುವುದು ಮಂಜುಗಡ್ಡೆಯ ಮೇಲೆ ಆಡುವ ಹಾಕಿಯ ವಿಷಯ. ಅಮೆರಿಕದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ಊರಿನ ತಂಡದ್ದು. ಆದರೂ ನಮ್ಮ ಕಡೆ ಸಣ್ಣ ಕ್ಲಬ್ ನಡೆಸುವವರು, ಬೆಳಗ್ಗೆ ಐದಕ್ಕೇ ಎದ್ದು ಮಕ್ಕಳಿಗೆ ಸ್ಟಿಕ್ ಹಿಡಿಯಲು ಕಲಿಸುವವರು ಇದನ್ನು ಕೇಳಿಸಿಕೊಳ್ಳಬೇಕು ಅಂತ ನನ್ನ ಆಸೆ. ನನ್ನ ಮಾತು ಒಂದೇ. ನೀವೇ ಬೆಳೆಸಿದ ನಾಯಕನನ್ನು ದುಡ್ಡಿಗೆ ಹೆದರಿ ಬಿಟ್ಟುಕೊಡಬೇಡಿ.

ಆ ನಾಯಕನ ಹೆಸರು ಶೇ ವೆಬರ್. ಕೆನಡಾದವರು, ರಕ್ಷಣಾ ಆಟಗಾರ. ಅವರು ಎಂಥ ಆಟಗಾರ ಅಂತ ಗೊತ್ತಾಗಬೇಕಾದರೆ 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನ ಒಂದು ಗೋಲಿನ ಬಗ್ಗೆ ಹೇಳಲೇಬೇಕು. ಅಂದು ಕೆನಡಾಕ್ಕೆ ಎದುರಾಳಿ ಜರ್ಮನಿ. ಈ ಆಟದಲ್ಲಿ ಚೆಂಡು ಇರುವುದಿಲ್ಲ, ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಪಕ್ ಅಂತಾರೆ. ತೂಕ ಸುಮಾರು 170 ಗ್ರಾಂ. ವೆಬರ್ ದೂರದಿಂದ ಸ್ಟಿಕ್ ಎತ್ತಿ ಬೀಸಿ ಹೊಡೆದರು. ಪಕ್ ಗೋಲಿನ ಕಡೆಗೆ ಹೋಯಿತು, ಹಿಂದಿನ ಗೋಡೆಗೆ ಬಡಿಯಿತು. ಗುರಿ ತಪ್ಪಿತು ಅಂದುಕೊಂಡು ಎಲ್ಲರೂ ಆಟ ಮುಂದುವರಿಸಿದರು. ಆಮೇಲೆ ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿದರೆ ಏನಿತ್ತು ಗೊತ್ತಾ? ಪಕ್ ಗೋಲಿನೊಳಗೆ ಹೋಗಿ, ಬಲೆಯನ್ನೇ ಹರಿದು ಹಿಂದಿನಿಂದ ಆಚೆ ಬಂದಿತ್ತು! ಬಲೆಯಲ್ಲಿ ತೂತು. ಗೋಲು ಅಂತ ತೀರ್ಪಾಯಿತು. ಕೆನಡಾ 8-2ರಿಂದ ಗೆದ್ದಿತು, ಆ ವಾರವೇ ಚಿನ್ನವನ್ನೂ ಗೆದ್ದಿತು. ನಾನು ಆ ದೃಶ್ಯ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಈಗಲೂ ಮೈ ಜುಮ್ಮೆನ್ನುತ್ತದೆ. ಮುಂದೆ 2015ರ ಸ್ಪರ್ಧೆಯೊಂದರಲ್ಲಿ ಅವರ ಹೊಡೆತವನ್ನು ಅಳೆದರು. ಗಂಟೆಗೆ 108.5 ಮೈಲಿ, ಅಂದರೆ ಸುಮಾರು 175 ಕಿಲೋಮೀಟರ್.

ಇಂಥ ಆಟಗಾರನ ಮೇಲೆ ಶ್ರೀಮಂತ ತಂಡಗಳ ಕಣ್ಣು ಬೀಳದೆ ಇರುತ್ತದಾ? 2012ರ ಜುಲೈನಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್ ಬೆಲೆ ಕಟ್ಟಿತು. 14 ವರ್ಷಕ್ಕೆ 11 ಕೋಟಿ ಡಾಲರ್. ಆಗಿನ ನಮ್ಮ ದುಡ್ಡಲ್ಲಿ 600 ಕೋಟಿ ರೂಪಾಯಿಗೂ ಜಾಸ್ತಿ. ವೆಬರ್ ಸಹಿಯನ್ನೂ ಹಾಕಿದರು. ಆ ಲೀಗಿನ ನಿಯಮದ ಪ್ರಕಾರ, ಇನ್ನು ಅವರ ಹಳೆಯ ತಂಡ ನ್ಯಾಶ್‌ವಿಲ್ ಪ್ರೆಡೇಟರ್ಸ್‌ಗೆ ಉಳಿದದ್ದು ಏಳೇ ದಿನ. ಅಷ್ಟರಲ್ಲಿ ಅದೇ ದುಡ್ಡು, ಅದೇ ಷರತ್ತು ಒಪ್ಪಿಕೊಂಡರೆ ಆಟಗಾರ ಉಳಿಯುತ್ತಾನೆ. ಇಲ್ಲದಿದ್ದರೆ ಹೋದ. ಚೌಕಾಸಿ ಮಾಡುವ ಹಾಗೇ ಇಲ್ಲ.

ಷರತ್ತನ್ನು ಬರೆದದ್ದೇ ಸಣ್ಣ ತಂಡದ ಸೊಂಟ ಮುರಿಯುವ ಹಾಗೆ. ಮೊದಲ ಒಂದು ವರ್ಷದೊಳಗೇ 2.7 ಕೋಟಿ ಡಾಲರ್ ಎಣಿಸಬೇಕಿತ್ತು. ಅಲ್ಲಿ ಪ್ರತಿ ವರ್ಷ ತಂಡಗಳು ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಬಿಟ್ಟುಕೊಟ್ಟರೆ ಬದಲಿಗೆ ಆ ಆಯ್ಕೆಯಲ್ಲಿ ಫಿಲಡೆಲ್ಫಿಯಾದ ಪಾಲಿನ ನಾಲ್ಕು ಮೊದಲ ಸುತ್ತಿನ ಅವಕಾಶಗಳು ಸಿಗುತ್ತಿದ್ದವು. ಅದನ್ನೇ ತಗೊಂಡು ಸುಮ್ನಿರಬಹುದಿತ್ತು ಅನ್ನುವವರು ಈಗಲೂ ಇದ್ದಾರೆ. ಕ್ಷಮಿಸಿ, ಈ ಲೆಕ್ಕ ಕೇಳಿದರೆ ನನಗೆ ತಡೆಯುವುದಿಲ್ಲ. ವೆಬರ್ ಅವರನ್ನು 2003ರಲ್ಲಿ ಆರಿಸಿದ್ದು ಎರಡನೇ ಸುತ್ತಿನಲ್ಲಿ, 49ನೆಯವರಾಗಿ. ಆಮೇಲೆ ವರ್ಷಗಟ್ಟಲೆ ಆಡಿಸಿ, ತಿದ್ದಿ, 2010ರಲ್ಲಿ ನಾಯಕನನ್ನಾಗಿ ಮಾಡಿದರು. ನಾಲ್ಕು ಚೀಟಿ ಕೊಟ್ಟರೆ ಆ ವರ್ಷಗಳು ವಾಪಸ್ ಬರುತ್ತವಾ?

ಆ ಊರಿನ ಜನರ ಪಾಡನ್ನೂ ನೋಡಿ. 2007ರಲ್ಲಿ ಈ ತಂಡವನ್ನೇ ಕೆನಡಾಕ್ಕೆ ಒಯ್ಯುವ ಮಾತು ನಡೆದಿತ್ತು. ಜನ ಬೀದಿಗಿಳಿದರು, ಟಿಕೆಟ್ ಕೊಂಡರು, ಸ್ಥಳೀಯರೇ ಸೇರಿ ತಂಡವನ್ನು ಖರೀದಿಸಿ ಉಳಿಸಿಕೊಂಡರು. ತಂಡ ಮಾರಿದ ಹಳೆಯ ಮಾಲೀಕ ಕ್ರೇಗ್ ಲೀಪೋಲ್ಡ್ ಮಿನೆಸೋಟ ವೈಲ್ಡ್ ತಂಡ ಕೊಂಡರು. 2012ರ ಜುಲೈ 4ರಂದು ಅದೇ ಮಿನೆಸೋಟ, ವೆಬರ್ ಅವರ ಜೋಡಿ ಆಟಗಾರ ರಯಾನ್ ಸೂಟರ್ ಅವರನ್ನು ಕರೆದುಕೊಂಡು ಹೋಯಿತು. ಸೂಟರ್ ಯಾವ ತಂಡಕ್ಕಾದರೂ ಹೋಗಲು ಸ್ವತಂತ್ರರಿದ್ದರು, ಹಾಗಾಗಿ ನ್ಯಾಶ್‌ವಿಲ್‌ಗೆ ಬದಲಿಗೆ ಏನೂ ಸಿಗಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ನಾಯಕನಿಗೂ ಕರೆ ಬಂತು. ಅವರನ್ನೂ ಬಿಟ್ಟಿದ್ದರೆ ಮುಂದಿನ ವರ್ಷ ಯಾವ ಮುಖ ಇಟ್ಟುಕೊಂಡು ಜನರಿಗೆ ಟಿಕೆಟ್ ಮಾರಬೇಕಿತ್ತು?

ಜುಲೈ 24ರಂದು ನ್ಯಾಶ್‌ವಿಲ್ ಒಪ್ಪಿಕೊಂಡಿತು. ಪೂರ್ತಿ 11 ಕೋಟಿ ಡಾಲರ್‌ಗೆ. ಬಿಡಲಿಲ್ಲ ನೋಡಿ!

ನನ್ನ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ನಾಲ್ಕು ವರ್ಷದ ಮೇಲೆ, 2016ರಲ್ಲಿ, ನ್ಯಾಶ್‌ವಿಲ್ ತಾನಾಗಿಯೇ ವೆಬರ್ ಅವರನ್ನು ಕೆನಡಾದ ಮಾಂಟ್ರಿಯಲ್ ತಂಡಕ್ಕೆ ಕೊಟ್ಟು, ಅಲ್ಲಿನ ರಕ್ಷಣಾ ಆಟಗಾರ ಪಿ. ಕೆ. ಸುಬ್ಬನ್ ಅವರನ್ನು ತಂದುಕೊಂಡಿತು. ಹಾಗಾದರೆ ಅಷ್ಟು ದುಡ್ಡು ಸುರಿದದ್ದು ಯಾಕೆ ಅಂತ ಕೇಳುತ್ತಾರೆ. ಉಳಿಸಿಕೊಂಡಿದ್ದಕ್ಕೇ ಅಲ್ವಾ ಸುಬ್ಬನ್ ಬಂದದ್ದು? ಮರುವರ್ಷವೇ ತಂಡ ಮೊದಲ ಸಲ ಆ ಲೀಗಿನ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ನ ಫೈನಲ್ ಆಡಿತು. ಪಿಟ್ಸ್‌ಬರ್ಗ್ ಎದುರು ಸೋತಿತು, ಆದರೆ ಊರು ಹಬ್ಬದಂತಾಗಿತ್ತು. ವೆಬರ್ 2024ರಲ್ಲಿ ಹಾಕಿಯ ಹಾಲ್ ಆಫ್ ಫೇಮ್ ಸೇರಿದರು.

2017ರ ಜನವರಿಯಲ್ಲಿ ಅವರು ಮಾಂಟ್ರಿಯಲ್ ಅಂಗಿ ತೊಟ್ಟು ನ್ಯಾಶ್‌ವಿಲ್‌ಗೆ ಆಡಲು ಬಂದರು, ಈಗ ಎದುರಾಳಿಯಾಗಿ. ಅವರ ಹಳೆಯ ಆಟದ ವಿಡಿಯೋ ತೋರಿಸಿದಾಗ ಕ್ರೀಡಾಂಗಣವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನಮಸ್ಕಾರ.