ಬಿಳಿ ಸೆರಗು ಮತ್ತು ಒಂದು ಕಹಿ ಗುಳಿಗೆ

(ಇಳಕಲ್‌ನಲ್ಲಿ ನೇಕಾರ ಮಹಿಳೆಯರ ಮುಂದೆ ಮಾಡಿದ ಉಪನ್ಯಾಸ)

ಅವ್ವಂದಿರೇ, ಅಕ್ಕ-ತಂಗಿಯರೇ, ನಮಸ್ಕಾರ ರೀ.

ಸೆರಗಿನ ಬಗ್ಗೆ ಇಳಕಲ್‌ನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ‘ಬಿಳಿ ಸೆರಗು’ ಅಂದ ಕೂಡಲೇ ಎಲ್ಲರೂ ನೆಲ ನೋಡುತ್ತೀರಿ. ಈಗಲೂ ನೋಡಿದಿರಿ!

ಎಲ್ಲ ಬಿಳುಪೂ ರೋಗವಲ್ಲ. ತಿಂಗಳ ನಡುವೆ ಮೊಟ್ಟೆಯ ಬಿಳಿಯಂತೆ ಹೋಗುವುದು ಸಹಜ. ತೆಳ್ಳಗೆ, ಬೂದು ಬಣ್ಣದಲ್ಲಿ, ಮೀನಿನ ವಾಸನೆಯೊಂದಿಗೆ ಹೋದರೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಇರಬಹುದು, ತೋರಿಸಿ.

ಹಾಲಿಗೆ ಹೆಪ್ಪು ಹಾಕಿದರೆ ಹುಳಿಯಾಗುತ್ತದಲ್ಲ, ಯೋನಿಯೊಳಗೂ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಹಾಗೇ ಹುಳಿ ಕಾಯ್ದಿಡುತ್ತದೆ. ಹುಳಿಯ ಅಳತೆಯಾದ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 4.5ಕ್ಕಿಂತ ಕಡಿಮೆ. (ಅದಕ್ಕೆಂದು ಮನೆಯ ಮೊಸರು ಹಚ್ಚಬೇಡಿ, ಬಳಗ ಒಂದೇ ಆದರೂ ಜಾತಿ ಬೇರೆ. ಸೋಪು ಹಾಕಿ ಒಳಗೆ ತೊಳೆಯುವುದೂ ಬೇಡ.) ಆ ಹುಳಿ ಕೆಟ್ಟಾಗ ಗಾರ್ಡ್ನೆರೆಲ್ಲಾ ಎಂಬ ಬ್ಯಾಕ್ಟೀರಿಯಾ ಮತ್ತು ಗಾಳಿ ಬೇಡದ ಅದರ ಸಂಗಡಿಗರು ಜಾಗ ಹಿಡಿಯುತ್ತಾರೆ.

ಇದಕ್ಕೆ ಕೊಡುವ ಗುಳಿಗೆ ಮೆಟ್ರೋನಿಡಜೋಲ್. ಟ್ರೈಕೊಮೊನಾಸ್ ಎಂಬ ಬೇರೆಯೇ ಪರೋಪಜೀವಿಗಾಗಿ 1950ರ ದಶಕದ ಕೊನೆಗೆ ಬಂದ ಮದ್ದು. ಬ್ರಿಟನ್ನಿನಲ್ಲಿ ಅದಕ್ಕೇ ನುಂಗಿದ ಒಬ್ಬ ಹೆಂಗಸಿನ ಒಸಡಿನ ಹುಣ್ಣೂ ಮಾಯವಾಯಿತು. 1962ರಲ್ಲಿ ಶಿನ್ ಎಂಬ ದಂತವೈದ್ಯರು ಅದನ್ನು ಬರೆದು ಪ್ರಕಟಿಸಿದರು. ಗಾಳಿ ಬೇಡದ ಬ್ಯಾಕ್ಟೀರಿಯಾಗಳ ಮೇಲೆ ಇದರ ಪ್ರತಾಪ ಗೊತ್ತಾದದ್ದು ಬಾಯಿಯಿಂದ!

ಈ ಮದ್ದಿನ ಚಮತ್ಕಾರ ನನಗೆ ಇಂದಿಗೂ ಬೆರಗು. ಗುಳಿಗೆಯೊಳಗೆ ಅದು ಮಲಗಿರುತ್ತದೆ. ಬ್ಯಾಕ್ಟೀರಿಯಾದ ಒಳಹೊಕ್ಕಾಗ, ಆ ಜೀವಿ ಶಕ್ತಿಗಾಗಿ ಕೈಯಿಂದ ಕೈಗೆ ದಾಟಿಸುವ ಎಲೆಕ್ಟ್ರಾನನ್ನು ಮದ್ದಿನ ನೈಟ್ರೋ ಭಾಗ ನಡುವೆಯೇ ಕಸಿಯುತ್ತದೆ. ಆಗ ಎದ್ದು ಕೂರುತ್ತದೆ, ಡಿಎನ್‌ಎ ಎಳೆಗಳನ್ನು ಕಡಿಯುತ್ತದೆ. ಒಂದೆರಡು ಎಳೆ ಹರಿದರೆ ನೀವು ಗಂಟು ಹಾಕಿ ನೇಯುತ್ತೀರಿ. ಹಾಸೇ ಹರಿದ ಮಗ್ಗದಲ್ಲಿ ಏನು ನೇಯುವುದು? ತನ್ನ ಉಸಿರಿನ ವ್ಯವಹಾರದಿಂದಲೇ ಆ ಜೀವಿ ತನ್ನ ವಿಷ ತಯಾರಿಸಿಕೊಂಡಂತಾಯಿತು. ನಮ್ಮ ಜೀವಕೋಶಗಳಲ್ಲಿ ಆಮ್ಲಜನಕ ಆ ಎಲೆಕ್ಟ್ರಾನನ್ನು ಮರಳಿ ಪಡೆಯುತ್ತದೆ, ಮದ್ದು ಮತ್ತೆ ಮಲಗುತ್ತದೆ. ಲ್ಯಾಕ್ಟೋಬ್ಯಾಸಿಲಸ್‌ಗೂ ಬಹುಮಟ್ಟಿಗೆ ಏಟು ಬೀಳುವುದಿಲ್ಲ.

ಹಾಗಿದ್ದರೂ ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಹೆಂಗಸರಲ್ಲಿ ಇದು ಮರಳುತ್ತದೆ. ಗಾರ್ಡ್ನೆರೆಲ್ಲಾ ನೀರಿನ ತೊಟ್ಟಿಯ ಪಾಚಿಯಂತೆ ಲೋಳೆಪದರ ಕಟ್ಟಿಕೊಂಡು ಅಡಗುತ್ತದೆ, ಅಷ್ಟು ಸುಲಭಕ್ಕೆ ಮದ್ದು ತಾಕದು. ಇನ್ನೊಂದು ಕಾರಣ ಗಂಡಸರಿಗೆ ರುಚಿಸದು: ಅದು ಅವರಿಂದಲೂ ಮರಳಿ ಬರಬಹುದು. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಹೆಂಡತಿಗೆ ಮಾತ್ರ ಔಷಧ ಕೊಟ್ಟಲ್ಲಿ 12 ವಾರದೊಳಗೆ ಶೇ. 63ರಷ್ಟು ಮಂದಿಗೆ ಮರಳಿತು, ಸಂಗಾತಿಗೂ ಗುಳಿಗೆ ಮತ್ತು ಕ್ಲಿಂಡಮೈಸಿನ್ ಮುಲಾಮು ಕೊಟ್ಟಲ್ಲಿ ಶೇ. 35ಕ್ಕೆ. ಇಷ್ಟು ವರ್ಷ ತಪ್ಪೆಲ್ಲ ಹೆಂಗಸಿನದೇ ಎಂದು ಅವಳೊಬ್ಬಳಿಗೇ ಚೀಟಿ ಬರೆದವರಲ್ಲಿ ನಾನೂ ಒಬ್ಬಳು.

ಬಾಯಿ ಕಹಿ, ಲೋಹದ ರುಚಿ, ಹೊಟ್ಟೆ ತೊಳಸುವುದು ಇದ್ದದ್ದೇ. ಊಟದ ಮೇಲೆ ನುಂಗಿ, ಹೇಳಿದಷ್ಟು ದಿನ ಮುಗಿಸಿ.

ಏನ್ರೀ ಅವ್ವಾ, ಹಿಂದಿನ ಸಾಲಿನಲ್ಲಿ? “ಉಳಿದ ನಾಕ್ ಗುಳಿಗಿ ನನ್ನ ಸೊಸಿಗೆ ಕೊಡ್ಲೇನ್ರೀ, ಅಕಿಗೂ ಬಿಳಿ ಹೊಕ್ಕೈತಿ.” ಮೊದಲಿಗೆ, ನಾಲ್ಕು ಉಳಿದದ್ದು ಹ್ಯಾಂಗ? ಆಮೇಲೆ, ಸೊಸೆಗೆ ತುರಿಕೆ ಇದೆಯೇ, ಮೊಸರಿನ ಗಡ್ಡೆಯಂತೆ ಹೋಗುತ್ತದೆಯೇ? ಹಾಗಿದ್ದರೆ ಅದು ಕ್ಯಾಂಡಿಡಾ ಎಂಬ ಶಿಲೀಂಧ್ರವಿರಬಹುದು. ಅದರೊಳಗೆ ಈ ಮದ್ದನ್ನು ಎಬ್ಬಿಸುವವರು ಯಾರೂ ಇಲ್ಲ. ನಾಳೆ ಅವಳನ್ನೂ ಕರೆದುಕೊಂಡು ಬನ್ನಿ.